ಮೆಗಾವ್ಯಾಟಿನ ಹಿಂದಿನ ನೆಲ: ಬ್ಲಫ್‌ನಿಂದ ತುಮರಿಯವರೆಗೆ

ಕರ್ನಾಟಕದ ವಿದ್ಯುತ್ತು ಮತ್ತು ಅದು ಬದಲಿಸಿದ ನೆಲದ ಬಗ್ಗೆ ಒಂದು ಸಾರ್ವಜನಿಕ ಪ್ರದರ್ಶನ ಕಟ್ಟಬೇಕಿತ್ತು. ಅದಕ್ಕೆ ಸಾಮಗ್ರಿ ನೋಡಲು ಮೇ ಕೊನೆಯಲ್ಲಿ ಹೊರಟ ಸುತ್ತಾಟ ಇದು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ನೀರು ವರ್ಷದ ತಳ ಮುಟ್ಟುವುದು ಆ ಹೊತ್ತಿಗೆ, ಮುಳುಗಿದ್ದು ಕಣ್ಣಿಗೆ ಬೀಳುವುದೂ ಆಗಲೇ. ಜೂನ್ ಎರಡನೇ ವಾರ ದಾಟಿತೆಂದರೆ ಮಲೆನಾಡಿನಲ್ಲಿ ಮಳೆ ಹಿಡಿದುಕೊಳ್ಳುತ್ತದೆ, ಮತ್ತೆ ಏನೂ ಸಿಗುವುದಿಲ್ಲ. ವಿದ್ಯುದಾಗಾರಗಳ ಒಳಹೋಗಲು ಮೊದಲೇ ಬರೆದು ಅನುಮತಿ ಪಡೆದಿರಬೇಕು. ಕ್ಯಾಮೆರಾ, ರೆಕಾರ್ಡರ್‌ಗಳ ಸೀರಿಯಲ್ ನಂಬರನ್ನೂ ಅದೇ ಅರ್ಜಿಯಲ್ಲಿ ಸೇರಿಸಿದ್ದರೆ ಗೇಟಿನಲ್ಲಿ ನಿಲ್ಲುವ ಹೊತ್ತು ಉಳಿಯುತ್ತದೆ.

ಮೊದಲ ದಿನ: ಬ್ಲಫ್

ಕನಕಪುರದ ದಾರಿಯಲ್ಲಿ ಹೋಗಿ ಮಳವಳ್ಳಿಯಲ್ಲಿ ತಿಂಡಿ ಮುಗಿಸಿದರೆ ಮುಂದೆ ಕಬ್ಬಿನ ಗದ್ದೆಗಳ ನಡುವಿನ ಸಣ್ಣ ರಸ್ತೆ. ಶಿವನಸಮುದ್ರದ ವಿದ್ಯುದಾಗಾರದ ಕಡೆಗೆ ಹೋಗಬೇಕೆಂದರೆ ಯಾರೂ ಆ ಹೆಸರು ಹೇಳುವುದಿಲ್ಲ, ‘ಬ್ಲಫ್’ ಅನ್ನುತ್ತಾರೆ. ಮೇ ತಿಂಗಳ ಗಗನಚುಕ್ಕಿಯಲ್ಲಿ ಕಲ್ಲೇ ಹೆಚ್ಚು, ನೀರು ಅಲ್ಲಲ್ಲಿ ನಾಲ್ಕು ಎಳೆ. ಬಂದವರೆಲ್ಲ ಬರ ಅಂತ ಮರುಗುತ್ತಾರೆ. ಕಟಕಟೆಯ ಪಕ್ಕ ಸೌತೆಕಾಯಿ ಸೀಳಿ ಉಪ್ಪು ಖಾರ ಸವರಿ ಕೊಡುತ್ತಿದ್ದಾಕೆ ಮಾತ್ರ ಸರಿಯಾದ ಲೆಕ್ಕ ಕೊಟ್ಟರು: “ನೀರು ಆ ಕಡೆ ಪೈಪಲ್ಲಿ ಹೋಯ್ತದೆ ಸಾ. ಆಗಸ್ಟಲ್ಲಿ ಬನ್ನಿ, ಆವಾಗ ಇಬ್ಬರಿಗೂ ಆಯ್ತದೆ.”

ಇಬ್ಬರು ಅಂದರೆ ಜಲಪಾತ ಮತ್ತು ಟರ್ಬೈನು. ಮೇಲಿನಿಂದಲೇ ಕಾಲುವೆಗೆ ತಿರುಗಿದ ಕಾವೇರಿ ಪೈಪುಗಳಲ್ಲಿ ಇಳಿದು ಆಗಾರ ಸೇರುತ್ತಾಳೆ, ಉಳಿದಿದ್ದು ಬಂಡೆಗೆ. 1902ರ ಜೂನ್ 30ರಂದು ಇಲ್ಲಿ ಆರು ಯಂತ್ರಗಳು ಶುರುವಾದಾಗ ಒಟ್ಟು ಸಾಮರ್ಥ್ಯ 4,320 ಕಿಲೋವ್ಯಾಟ್. ಇಂದಿನ ಎರಡು ದೊಡ್ಡ ಗಾಳಿಯಂತ್ರಗಳಷ್ಟು, ಅಷ್ಟೇ. ಆದರೆ ಆ ವಿದ್ಯುತ್ತು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ಮೂರು ವರ್ಷ ತಡವಾಗಿ. ತಂತಿ ಹಾದುಹೋದ ಹಳ್ಳಿಗಳಂತೂ ಎಷ್ಟೋ ದಶಕ ಬುಡ್ಡಿದೀಪದಲ್ಲೇ ಇದ್ದವು. ಬೇಸಿಗೆಯಲ್ಲಿ ನದಿ ಸೊರಗಿದರೆ ಗಣಿಗೆ ಕೊರತೆ. ಕನ್ನಂಬಾಡಿ ಕಟ್ಟೆ ಕಟ್ಟಲು ನೀರಾವರಿಯಷ್ಟೇ ಬಲವಾದ ಕಾರಣ ಇದು. 1911ರಲ್ಲಿ ಆ ಕೆಲಸ ಶುರುವಾಯಿತು. ಒಂದು ವಿದ್ಯುದಾಗಾರದ ಬಾಯಾರಿಕೆಗೆ ನೂರು ಮೈಲಿಯೊಳಗೆ ಇನ್ನೊಂದು ಕಣಿವೆ ಮುಳುಗಿತು. ‘ಏಷ್ಯಾದಲ್ಲೇ ಮೊದಲು’ ಎಂಬ ಸಾಲು ಬರೆದು ಕೈತೊಳೆದುಕೊಳ್ಳುವ ಫಲಕಗಳಲ್ಲಿ ಈ ಸರಪಳಿ ಕಾಣುವುದೇ ಇಲ್ಲ.

ಪ್ರದರ್ಶನಕ್ಕೆ ಇಲ್ಲಿಂದ ಬೇಕಾದ್ದು ಒಂದೇ ಜಾಗದ ಎರಡು ಚಿತ್ರ, ಮೇ ಮತ್ತು ಆಗಸ್ಟ್‌ನವು. ಸುಲಭ ಅನ್ನಿಸುತ್ತದೆ, ಆದರೆ ಮೂರು ತಿಂಗಳ ನಂತರ ಅದೇ ಜಾಗ ಸಿಗುವುದಿಲ್ಲ. ಮೊಬೈಲ್ ಜಿಪಿಎಸ್ ಐದು ಮೀಟರ್ ಆಚೀಚೆ ತೋರಿಸುತ್ತದೆ. ಬಂಡೆಗಳ ಕೋನ ಬದಲಾಗಲು ಒಂದು ಮೀಟರ್ ಸಾಕು. ಹಾಗಾಗಿ ಕಟಕಟೆಯ ಎಷ್ಟನೇ ಕಂಬ, ಅಲ್ಲಿಂದ ಟ್ರೈಪಾಡಿನ ಕಾಲಿಗೆ ಎಷ್ಟು ಸೆಂಟಿಮೀಟರ್, ಲೆನ್ಸಿನ ಎತ್ತರ, ಫೋಕಲ್ ಲೆಂಗ್ತ್, ದಿಕ್ಕಿನ ಡಿಗ್ರಿ ಎಲ್ಲ ಬರೆದು, ಟ್ರೈಪಾಡಿನ ಕಾಲುಗಳದ್ದೇ ಒಂದು ಚಿತ್ರ ತೆಗೆದಿಟ್ಟುಕೊಳ್ಳಬೇಕು.

ಇನ್ನೊಂದು ಸಂಗತಿ ಆವರ್ತನದ್ದು. ಇಲ್ಲಿಯ ಮೊದಲ ವಿದ್ಯುತ್ತು 25 ಹರ್ಟ್ಸ್, ಈಗಿನ ಅರ್ಧ. ಗಣಿಯ ಮೋಟಾರಿಗೆ ತೊಂದರೆಯಿಲ್ಲ, ದೀಪ ಮಾತ್ರ ಮಿಣಮಿಣ ಅನ್ನುತ್ತದೆ. ಇದನ್ನು ಪ್ರದರ್ಶನದಲ್ಲಿ ಮಾಡಿ ತೋರಿಸಬಹುದು: 25 ಹರ್ಟ್ಸ್ ಕೊಡುವ ಇನ್ವರ್ಟರ್, 15 ವ್ಯಾಟಿನ ಹಳೇ ತಂತಿಬಲ್ಬು, ಪಕ್ಕದಲ್ಲಿ 50 ಹರ್ಟ್ಸಿನ ಇನ್ನೊಂದು. 100 ವ್ಯಾಟಿನ ಬಲ್ಬು ಹಾಕಿದರೆ ವ್ಯತ್ಯಾಸ ಕಾಣಲಿಕ್ಕಿಲ್ಲ, ಅದರ ದಪ್ಪ ತಂತಿ ಅಷ್ಟು ಬೇಗ ಆರುವುದಿಲ್ಲ. ಮಿಣುಕು ಬೆಳಕು ಅಪಸ್ಮಾರ ಇರುವವರಿಗೆ ಅಪಾಯ. ಅದನ್ನು ಗೂಡಿನೊಳಗಿಟ್ಟು, ಗುಂಡಿ ಒತ್ತಿದರೆ ಮಾತ್ರ ಹತ್ತುವಂತೆ ಮಾಡಿ, ಎಚ್ಚರಿಕೆಯನ್ನು ಗೂಡಿನ ಒಳಗಲ್ಲ, ಬರುವ ದಾರಿಯಲ್ಲೇ ಹಾಕಬೇಕು.

ಎರಡನೇ ದಿನ: ಕೆಜಿಎಫ್

ತಂತಿಯ ಆ ತುದಿ. ಊರು ಹತ್ತಿರವಾಗುವ ಮೊದಲೇ ಚಪ್ಪಟೆ ನೆತ್ತಿಯ ಮಾಸಲು ಗುಡ್ಡಗಳು ಕಾಣುತ್ತವೆ. ಅವು ಗುಡ್ಡವಲ್ಲ, ಚಿನ್ನ ತೆಗೆದು ಬಿಸುಟ ಅದಿರಿನ ಪುಡಿ, ಮೂರು ಕೋಟಿ ಟನ್ನಿಗೂ ಹೆಚ್ಚು. ಊರಿನವರಿಗೆ ಅದು ಸೈನೈಡ್ ದಿಬ್ಬ. ಮಧ್ಯಾಹ್ನ ಗಾಳಿ ಎದ್ದಾಗ ದಿಬ್ಬದ ಅಂಚಿನಿಂದ ಬಿಳಿ ಧೂಳು ಹರಡಿ ಟೀ ಗ್ಲಾಸಿನವರೆಗೂ ಬಂತು. ಟೀ ಅಂಗಡಿಯಲ್ಲಿ ಕೂತಿದ್ದ ನಿವೃತ್ತ ಗಣಿ ಕಾರ್ಮಿಕರೊಬ್ಬರು ತಮಿಳು ಬೆರೆತ ಕನ್ನಡದಲ್ಲಿ ಮಾತು ತೆಗೆದರು. ಒಳಗಿರುವಾಗ ಕರೆಂಟ್ ಹೋದರೆ ಮೇಲೆ ಬರುವ ಕೇಜಿನ ಚಿಂತೆ ಆಗುತ್ತಿತ್ತೇ ಎಂದು ಕೇಳಿದ್ದಕ್ಕೆ ನಕ್ಕುಬಿಟ್ಟರು: “ಕೇಜ್ ಆಮೇಲೆ ಸಾರ್. ಮೊದ್ಲು ಗಾಳಿ, ಆಮೇಲೆ ಪಂಪು.” ಚಾಂಪಿಯನ್ ರೀಫ್‌ನ ಗಣಿಯ ಆಳ ಮೂರು ಕಿ.ಮೀ. ಮೀರಿತ್ತು, ತಳದ ಕಲ್ಲಿನ ಶಾಖ 60 ಡಿಗ್ರಿಗೂ ಹೆಚ್ಚು. ಅಲ್ಲಿ ಮನುಷ್ಯ ನಿಂತಿದ್ದೇ ವಿದ್ಯುತ್ತಿನ ಮೇಲೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಪಂಪು ನಿಂತ ಮೇಲೆ ಸುರಂಗಗಳಿಗೆ ನೀರು ತುಂಬಿಕೊಂಡಿತು.

ಇಂಥ ಊರಿನಲ್ಲಿ ಹಳೆಯ ವಿದ್ಯುತ್ ಸಾಮಾನು ಮಾರಲು ಬರುವವರು ಸಿಕ್ಕೇ ಸಿಗುತ್ತಾರೆ. ಎಲ್ಲಿಂದ ಬಂತು, ಯಾರು ಬಿಚ್ಚಿದರು, ಹರಾಜಿನ ಕಾಗದ ಇದೆಯೇ — ಈ ಮೂರಕ್ಕೂ ಉತ್ತರ ಇಲ್ಲದಿದ್ದರೆ ವಸ್ತು ಎಷ್ಟೇ ಚೆಂದವಿರಲಿ, ಬಿಡಬೇಕು. ಕದ್ದ ಮಾಲು ಪ್ರದರ್ಶನದಲ್ಲಿ ಕೂತರೆ ಉಳಿದೆಲ್ಲ ವಸ್ತುಗಳ ಮೇಲೂ ಅನುಮಾನ. ಹಳೇ ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್‌ಗಳನ್ನಂತೂ ಪರೀಕ್ಷೆ ಆಗುವವರೆಗೆ ಮುಟ್ಟಲೇಬಾರದು. ಒಳಗಿನ ಎಣ್ಣೆಯಲ್ಲಿ ಪಿಸಿಬಿ ಎಂಬ ರಾಸಾಯನಿಕ ಇರಬಹುದು. ಕ್ಯಾನ್ಸರ್‌ಕಾರಕ ಅದು, ಚರ್ಮದಿಂದಲೂ ಒಳಗಿಳಿಯುತ್ತದೆ.

ಕಾಗದಪತ್ರ ಸರಿಯಿದ್ದ, ವಿದ್ಯುತ್ ತಂತಿಯನ್ನು ಕಂಬಕ್ಕೆ ತಾಗದಂತೆ ಹಿಡಿಯುವ ಒಂದು ಪಿಂಗಾಣಿ ಇನ್ಸುಲೇಟರ್ ಮನೆಯೊಂದರಲ್ಲಿ ನೋಡಸಿಕ್ಕಿತು. ಕಡುಗಂದು ಹೊಳಪು, ಒಂದರ ಮೇಲೊಂದು ಕವಿದ ಮೂರು ಕೊಡೆ, ಒಳಗೆ ತುಕ್ಕು ಹಿಡಿದ ಕಬ್ಬಿಣದ ಮೊಳೆ. ಹೊರಗೆ ಒಂದು ಗೀರೂ ಇಲ್ಲ. ಆದರೆ ಬೆರಳಗೆಣ್ಣಿನಿಂದ ತಟ್ಟಿದರೆ ‘ಠಣ್’ ಅನ್ನಬೇಕಾದ್ದು ‘ಟಪ್’ ಅಂದಿತು. ತಲೆಕೆಳಗು ಮಾಡಿ ಟಾರ್ಚ್ ಬಿಟ್ಟಾಗ ಮೊಳೆಯ ಸುತ್ತ ತುಂಬಿದ ಸಿಮೆಂಟಿನಿಂದ ಎರಡನೇ ಕೊಡೆಯವರೆಗೆ ಕೂದಲೆಳೆಯ ಬಿರುಕು ಕಂಡಿತು. ಸಿಮೆಂಟು ತೇವ ಕುಡಿದು ವರ್ಷಗಟ್ಟಲೆ ನಿಧಾನಕ್ಕೆ ಹಿಗ್ಗುತ್ತದೆ, ಮೊಳೆಯ ತುಕ್ಕೂ ಹಿಗ್ಗುತ್ತದೆ, ಪಿಂಗಾಣಿಗೆ ಹಿಗ್ಗಲು ಬರುವುದಿಲ್ಲ. ಇದನ್ನು ಮೊಳೆ ಹಿಡಿದು ಎತ್ತಬಾರದು, ಆಸಿಡ್ ಸೋಕಿಸಬಾರದು, ನೀರಲ್ಲಿ ಮುಳುಗಿಸಬಾರದು. ಒದ್ದೆ ಹತ್ತಿಬಟ್ಟೆ, ಮೆದು ಬ್ರಷ್, ಆಮೇಲೆ ಕೊಡೆಯ ಅಂಚಿಗೆ ಭಾರ ಬೀಳದಂಥ ಫೋಮಿನ ತೊಟ್ಟಿಲು. ಬಿರುಕನ್ನು ಮುಚ್ಚದೆ, ಕೆಳಗೊಂದು ಸಣ್ಣ ಕನ್ನಡಿ ಇಟ್ಟು ಕಾಣಿಸುವುದೇ ಚೆನ್ನ. ಕರೆಂಟ್ ಯಾಕೆ ಕಡಿಯುತ್ತಿತ್ತು ಎಂಬುದನ್ನು ಅದೇ ಹೇಳುತ್ತದೆ.

ಮೂರನೇ ದಿನ: ಪಾವಗಡ

ಗೌರಿಬಿದನೂರು, ಮಧುಗಿರಿ ದಾಟಿ ಉತ್ತರಕ್ಕೆ ತಿರುಗಿದರೆ ನೆಲ ಕೆಂಪು, ಮಾತು ಅರ್ಧ ತೆಲುಗು. ಮುದ್ದೆ, ಉಪ್ಸಾರು ಮುಗಿಸಿ ನಾಗಲಮಡಿಕೆ ಹೋಬಳಿಯ ಕಡೆ ಹೋದಾಗ ಹನ್ನೆರಡರ ಬಿಸಿಲು. ತಿರುಮಣಿ, ವಳ್ಳೂರು, ಬಳಸಮುದ್ರ, ರ‍್ಯಾಪ್ಟೆ ಕಡೆಯ ರಸ್ತೆ ಯಾವುದೇ ಇರಲಿ, ಎರಡೂ ಬದಿ ಬೇಲಿ, ಬೇಲಿಯಾಚೆ ಸೌರಫಲಕಗಳ ಕರಿನೀಲಿ. 13,000 ಎಕರೆಯಲ್ಲಿ 2,050 ಮೆಗಾವ್ಯಾಟ್. ಹತ್ತು ನಿಮಿಷದೊಳಗೆ ಮೊಬೈಲ್ ಬಿಸಿಯೇರಿ ತಾನಾಗಿ ಆರಿತು, ಕ್ಯಾಮೆರಾದ ಪರದೆಯೂ ಮಂಕಾಯಿತು. ಚಿತ್ರ ಬೇಕಿದ್ದರೆ ಬೆಳಗ್ಗೆ ಒಂಬತ್ತರೊಳಗೆ ಬರಬೇಕು. ಫಲಕಗಳಿಗೂ ಈ ಬಿಸಿಲು ಹಿತವಲ್ಲ: 25 ಡಿಗ್ರಿಯ ಮೇಲೆ ಒಂದೊಂದು ಡಿಗ್ರಿಗೂ ಉತ್ಪಾದನೆ ಸುಮಾರು ಶೇ. 0.4ರಷ್ಟು ಇಳಿಯುತ್ತದೆ, ಫಲಕದ ಮೈ 65 ಮುಟ್ಟಿದರೆ ಆರನೇ ಒಂದು ಭಾಗ ಹೋಯಿತು. ‘ಬಿಸಿಲು ಹೆಚ್ಚಿದ್ದಷ್ಟೂ ವಿದ್ಯುತ್ತು ಹೆಚ್ಚು’ ಎಂದು ಬರುವ ಶಾಲಾ ಮಕ್ಕಳಿಗೆ ಬೆಳಕು ಬೇರೆ, ಶಾಖ ಬೇರೆ ಎಂದು ತೋರಿಸಲು ಒಂದು ಸಣ್ಣ ಫಲಕ, ಒಂದು ಮೀಟರು, ಹಿಂಬದಿಗೆ ಒತ್ತಲು ಬಿಸಿನೀರಿನ ಚೀಲ ಇಷ್ಟಿದ್ದರಾಯಿತು.

ಇಲ್ಲಿ ಭೂಮಿ ಕೊಂಡದ್ದಲ್ಲ, ಗುತ್ತಿಗೆಗೆ ಪಡೆದದ್ದು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ, ಪಹಣಿ ರೈತರ ಹೆಸರಿನಲ್ಲೇ. ಬೇವಿನ ಮರದಡಿ ಕೂತಿದ್ದ ರೈತರೊಬ್ಬರಿಗೆ ಅದರಲ್ಲಿ ಅಸಮಾಧಾನವಿರಲಿಲ್ಲ. “ಕಡ್ಲೇಕಾಯಿ ಹಾಕಿ ಮಳೆ ನೋಡ್ತಾ ಕೂತಿದ್ವಿ. ಈಗ ಬ್ಯಾಂಕ್ ಮೆಸೇಜ್ ನೋಡ್ತೀವಿ.” ಪಕ್ಕದಲ್ಲಿದ್ದ ಹೆಂಗಸು ತಡೆದರು: “ನಿಮಗೆ ಜಮೀನಿತ್ತಣ್ಣ. ಕಳೆ ಕೀಳೋಕೆ ಬರ್ತಿದ್ದ ನಮಗೆ ಯಾರು ಮೆಸೇಜ್ ಕಳಿಸ್ತಾರೆ?” ಕುರಿ ಮೇಯಿಸುವವರ ಮಾತೂ ಇದೇ. ಒಬ್ಬರ ಧ್ವನಿ ಮಾತ್ರ ಗೋಡೆಗೇರಿದರೆ ಪ್ರದರ್ಶನ ಜಾಹೀರಾತಾಗುತ್ತದೆ, ಇಲ್ಲವೇ ದೂರುಪತ್ರವಾಗುತ್ತದೆ. ಇಬ್ಬರೂ ಒಂದೇ ಹೆಡ್‌ಫೋನಿನಲ್ಲಿ ಒಬ್ಬರ ಹಿಂದೆ ಒಬ್ಬರು ಬರಬೇಕು.

ಇಲ್ಲಿ ನಿಂತಾಗ ಪ್ರದರ್ಶನಕ್ಕೊಂದು ಬರಹದ ಫಲಕ ಮನಸ್ಸಿಗೆ ಬರುತ್ತದೆ, ಎಲ್ಲರಿಗೂ ಬರುತ್ತದೆ: ಒಂದು ಮೆಗಾವ್ಯಾಟಿಗೆ ಎಷ್ಟು ಎಕರೆ? ಪಾವಗಡದಲ್ಲಿ ಆರು ಚಿಲ್ಲರೆ. ಲಿಂಗನಮಕ್ಕಿಯ ಹಿನ್ನೀರು 300 ಚದರ ಕಿ.ಮೀ.ಗೂ ಮಿಕ್ಕಿ, ಅಂದರೆ 75,000 ಎಕರೆ ಆಸುಪಾಸು. ಅದೇ ನೀರಿನಿಂದ ನಡೆಯುವ ಶರಾವತಿ ಕಣಿವೆಯ ಆಗಾರಗಳನ್ನೆಲ್ಲ ಕೂಡಿಸಿದರೆ 1,469 ಮೆಗಾವ್ಯಾಟ್. ಮೆಗಾವ್ಯಾಟಿಗೆ 50 ಎಕರೆ. ಸೌರಶಕ್ತಿ ಗೆದ್ದಿತು ಅಂತ ಬರೆದುಬಿಡಬಹುದು. ಬರೆಯಬಾರದು. ಅಣೆಕಟ್ಟಿನ ಎಕರೆ ನೀರನ್ನು ಸಂಜೆ ಏಳಕ್ಕೆ, ಮುಂದಿನ ಏಪ್ರಿಲ್ಲಿಗೆ ಕಾದಿಡುತ್ತದೆ, ಇಲ್ಲಿಯ ಎಕರೆ ಸಂಜೆ ಆರಕ್ಕೆ ಮಲಗುತ್ತದೆ. ಇನ್ನೊಂದು ಕಡೆ, ಇಲ್ಲಿಯ ಎಕರೆಗೆ ಬಾಡಿಗೆಯಿದೆ, ಮರಳಿ ಬರುವ ಸಾಧ್ಯತೆಯಿದೆ. ಅಲ್ಲಿಯದು ಹೋಯಿತೆಂದರೆ ಹೋಯಿತು. ಹೋಲಿಕೆ ಬೇಕೇ ಬೇಕಿದ್ದರೆ ಎಕರೆ, ವರ್ಷದ ಯೂನಿಟ್, ಯಾವ ಹೊತ್ತಿನ ಯೂನಿಟ್, ನೆಲ ಯಾರ ಹೆಸರಿನಲ್ಲಿ ಎಂಬ ನಾಲ್ಕೂ ಸಾಲು ಒಟ್ಟಿಗೆ ಬರಬೇಕು. ಒಂದನ್ನೂ ಬಿಡಲಾಗದು.

ನಾಲ್ಕನೇ ದಿನ: ಚಿತ್ರದುರ್ಗ ದಾಟಿ ಸಾಗರಕ್ಕೆ

ಹೆಚ್ಚಿನ ಹೊತ್ತು ಕಾರಿನಲ್ಲೇ. ಚಿತ್ರದುರ್ಗದ ಗುಡ್ಡಗಳ ಸಾಲಿನ ಮೇಲೆ ಗಾಳಿಯಂತ್ರಗಳು ಮೈಮುರಿಯುತ್ತಿದ್ದವು, ಕೆಲವು ನಿಂತೇ ಇದ್ದವು. ಪಂಕ್ಚರ್ ಹಾಕಿಸಲು ನಿಂತಲ್ಲಿ ಹುಡುಗ, “ಫ್ಯಾನು ಜೋರಾಗೋದು ಆಷಾಢಕ್ಕೆ” ಅಂದ. ಪ್ರದರ್ಶನದ ನಡುಮನೆಗೆ ಏನಿಡಬೇಕು ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು: ನೆಲದ ಮೇಲೆ ಮೂರು ಮೀಟರ್ ಅಗಲದ ವರ್ಷಚಕ್ರ. ಹೊರಸುತ್ತಿನಲ್ಲಿ ಅಶ್ವಿನಿಯಿಂದ ಹಿಡಿದು ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ ಎಂದು ಮಳೆ ನಕ್ಷತ್ರಗಳು. ಒಳಗೆ ಮೂರು ಪಟ್ಟಿ, ನೀರು, ಗಾಳಿ, ಬಿಸಿಲು, ಆಯಾ ತಿಂಗಳ ಉತ್ಪಾದನೆಗೆ ತಕ್ಕ ದಪ್ಪದಲ್ಲಿ. ಆಷಾಢ, ಶ್ರಾವಣದಲ್ಲಿ ಗಾಳಿ ಉಬ್ಬಿ ಬಿಸಿಲು ಸೊರಗುತ್ತದೆ, ಅಣೆಕಟ್ಟುಗಳು ತುಂಬುವ ಹೊತ್ತೂ ಅದೇ. ಫಾಲ್ಗುಣ, ಚೈತ್ರದಲ್ಲಿ ಎಲ್ಲರೂ ಪಂಪು ಫ್ಯಾನು ಹಾಕಿದಾಗ ಬಿಸಿಲಿನ ಪಟ್ಟಿ ಉಬ್ಬಿರುತ್ತದೆ, ಕಟ್ಟೆ ಇಳಿಯುತ್ತಿರುತ್ತದೆ. ನೆಲಕ್ಕೆ ಅಂಟಿಸುವ ವಿನೈಲ್‌ಗೆ ಜಾರದ ಮ್ಯಾಟ್ ಲ್ಯಾಮಿನೇಶನ್ ಕಡ್ಡಾಯ. ಅಂಚನ್ನು ಚೂಪಾಗಿ ಬಿಟ್ಟರೆ ಎರಡೇ ವಾರಕ್ಕೆ ಏಳುತ್ತದೆ, ಮೂಲೆಗಳನ್ನು ದುಂಡಗೆ ಕತ್ತರಿಸಬೇಕು.

ಸಾಗರ ಸೇರುವಾಗ ಗುಡುಗು. ಅಪ್ಪೆಹುಳಿ, ಹಲಸಿನಹಣ್ಣಿನ ಕಡುಬು, ಕರೆಂಟ್ ಇಲ್ಲ.

ಐದನೇ ದಿನ: ಜೋಗ, ಲಿಂಗನಮಕ್ಕಿ

ಮಂಜು ಒಂಬತ್ತೂವರೆವರೆಗೆ ಪರದೆ ಎಳೆದಿತ್ತು. ಸರಿದಾಗ ರಾಜ ಒಂದು ಎಳೆ, ಉಳಿದ ಮೂರು ಕಪ್ಪು ಕಲ್ಲಿನ ಮೇಲಿನ ಒದ್ದೆ ಗುರುತು. ಬ್ಲಫ್‌ನದ್ದೇ ಕಥೆ, ದೊಡ್ಡ ಪ್ರಮಾಣದಲ್ಲಿ. 1948ರಲ್ಲಿ ಹಿರೇಭಾಸ್ಕರ ಕಟ್ಟೆಯ ನೀರಿನಿಂದ ಶುರುವಾದ ಜೋಗದ ಆಗಾರ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು, ಅದರಿಂದ ತಳಕಳಲೆಗೆ ಹೋಗಿ ಇಳಿಯುವ ನೀರಿಗೆ 1,035 ಮೆಗಾವ್ಯಾಟಿನ ಶರಾವತಿ ಆಗಾರ, ಕೊನೆಗೆ ಗೇರುಸೊಪ್ಪ. ಹೊಸ ಕಟ್ಟೆ ತುಂಬಿದಾಗ ಹಳೇ ಹಿರೇಭಾಸ್ಕರ ಕಟ್ಟೆಯೇ ಮುಳುಗಿತು, ಕಟ್ಟಿ ಎರಡು ದಶಕವೂ ಆಗಿರಲಿಲ್ಲ. ಊರಿನವರು ಮಡೆನೂರು ಡ್ಯಾಮ್ ಅನ್ನುವ ಅದು ನೀರು ತೀರ ಇಳಿದ ವರ್ಷ ಪೂರ್ತಿ ಮೇಲೆ ಬರುತ್ತದೆ. ಈ ಸಲ ದುರ್ಬೀನಿನಲ್ಲಿ ಕಂಡದ್ದು ನೆತ್ತಿ ಮಾತ್ರ. ಗೇಟಿಲ್ಲದೆ ತಾನಾಗಿ ಹೆಚ್ಚುವರಿ ನೀರು ಹೊರಹಾಕುವ ಎಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ ಸೈಫನ್‌ಗಳು ಅದರಲ್ಲಿವೆ. ನೀರು ಅಂಚು ಮೀರಿದಾಗ ಓರೆ ರೆಕ್ಕೆಗಳು ಅದನ್ನು ಸುಳಿಯಾಗಿ ತಿರುಗಿಸುತ್ತವೆ, ಸುಳಿ ಒಳಗಿನ ಗಾಳಿಯನ್ನು ಎಳೆದೊಯ್ಯುತ್ತದೆ, ಕೊಳವೆ ಒಮ್ಮೆಲೇ ತುಂಬಿ ಹರಿಯುತ್ತದೆ. ಪಾರದರ್ಶಕ ಅಕ್ರಿಲಿಕ್ಕಿನಲ್ಲಿ ಇದರ ಮಾದರಿ ಮಾಡಿದರೆ ಜನ ಅದರ ಮುಂದಿನಿಂದ ಕದಲುವುದಿಲ್ಲ. ಕೊಳವೆ ತೀರ ಸಣ್ಣದಾದರೆ ಮಾತ್ರ ಸುಳಿ ಏಳುವುದಿಲ್ಲ, ಹದಿನೈದು ಸೆಂಟಿಮೀಟರಿಗೆ ಕಡಿಮೆ ಬೇಡ. ನೀರು ವಾರಕ್ಕೊಮ್ಮೆ ಬದಲಿಸದಿದ್ದರೆ ಪಾಚಿ.

ಸಂಖ್ಯೆ ಹೇಳಲು ಇಲ್ಲಿ ಇನ್ನೂ ಸರಳ ದಾರಿಯಿದೆ. ಸಾವಿರ ಲೀಟರ್ ನೀರು 400 ಮೀಟರ್ ಇಳಿದರೆ, ನಷ್ಟ ಕಳೆದು, ಸರಿಸುಮಾರು ಒಂದು ಯೂನಿಟ್. ಶರಾವತಿ ಆಗಾರದ ಇಳಿಜಾರು ಅದಕ್ಕಿಂತ ಸ್ವಲ್ಪ ಹೆಚ್ಚೇ. ಮನೆ ತಾರಸಿಯ ಮೇಲಿನಂಥದೇ ಸಾವಿರ ಲೀಟರಿನ ಕಪ್ಪು ಸಿಂಟೆಕ್ಸ್ ಟ್ಯಾಂಕ್ ಒಂದನ್ನು ಸಭಾಂಗಣದಲ್ಲಿ ಇಟ್ಟು, ಪಕ್ಕ ಒಂದು ಇಸ್ತ್ರಿಪೆಟ್ಟಿಗೆ, ‘ಒಂದು ಗಂಟೆ’ ಅಂತ ಬರೆದರೆ ಮುಗಿಯಿತು. ಟ್ಯಾಂಕ್ ಖಾಲಿಯೇ ಇರಲಿ. ತುಂಬಿಸಿದರೆ ಒಂದು ಟನ್ ಭಾರ ಸುಮಾರು ಒಂದು ಚದರ ಮೀಟರಿನ ಮೇಲೆ ಬೀಳುತ್ತದೆ, ಹಳೇ ಕಟ್ಟಡದ ಮಹಡಿಗೆ ಅದು ಹೆಚ್ಚಾಯಿತು.

ಕಣಿವೆಯ ಉಬ್ಬು ಮಾದರಿಯ ಲೆಕ್ಕವೂ ಇಲ್ಲೇ ಕೂತು ಹಾಕಿದ್ದು. 1:25,000 ಅಳತೆಯಲ್ಲಿ 50 ಕಿ.ಮೀ. × 40 ಕಿ.ಮೀ. ನೆಲ ಎರಡು ಮೀಟರ್ × ಒಂದು ಮೀಟರ್ ಅರವತ್ತು ಸೆಂಟಿಮೀಟರಿನ ಮೇಜಿನ ಮೇಲೆ ಕೂರುತ್ತದೆ. ಎತ್ತರವನ್ನು ಎರಡೂವರೆ ಪಟ್ಟು ಹಿಗ್ಗಿಸಿದರೆ ನಕ್ಷೆಯಲ್ಲಿ 20 ಮೀಟರ್ ಎತ್ತರಕ್ಕೊಂದರಂತೆ ಬರುವ ಸಮೋನ್ನತಿ ರೇಖೆ ಒಂದೊಂದಕ್ಕೂ ಸರಿಯಾಗಿ ಎರಡು ಮಿ.ಮೀ. ಹಲಗೆ, 1,343 ಮೀಟರಿನ ಕೊಡಚಾದ್ರಿ ಹದಿಮೂರು ಸೆಂಟಿಮೀಟರ್ ಎದ್ದು ನಿಲ್ಲುತ್ತದೆ. ಎಡವಟ್ಟಾಗುವುದು ನೀರಿನ ಗೆರೆಯಲ್ಲಿ. ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ, ಅಂದರೆ 554.4 ಮೀಟರ್. ನಕ್ಷೆಯಲ್ಲಿ 540 ಇದೆ, 560 ಇದೆ, ಇದು ಇಲ್ಲ. 560ಕ್ಕೆ ನೀಲಿ ಬಳಿದರೆ ಮುಳುಗದ ಊರುಗಳನ್ನೂ ಮುಳುಗಿಸಿದ ಹಾಗೆ. ಅಂಥ ಊರಿನವರು ನೋಡಲು ಬಂದೇ ಬರುತ್ತಾರೆ. ಕಟ್ಟೆ ಭರ್ತಿಯಾದ ವರ್ಷದ ಅಕ್ಟೋಬರಿನ ಉಪಗ್ರಹ ಚಿತ್ರದಿಂದ ದಡ ತೆಗೆದು ಅದನ್ನು ಮಾದರಿಯ ಮೇಲೆ ಎಳೆಯಬೇಕು.

ದಾರಿಯುದ್ದಕ್ಕೂ ಪಂಪ್ಡ್ ಸ್ಟೋರೇಜ್ ವಿರೋಧದ ಮಾತು. ತಳಕಳಲೆ, ಗೇರುಸೊಪ್ಪಗಳ ನಡುವೆ ನೀರನ್ನು ಇಳಿಸಿ ಮತ್ತೆ ಎತ್ತುವ 2,000 ಮೆಗಾವ್ಯಾಟಿನ ಯೋಜನೆ. ಜಾಗ ಸಿಂಗಳೀಕದ ಅಭಯಾರಣ್ಯದಲ್ಲಿ. ಎತ್ತಲು ನೂರು ಯೂನಿಟ್ ಸುರಿದರೆ ಮರಳಿ ಬರುವುದು 75–80. ಸೌರ, ಗಾಳಿಯ ಹೆಚ್ಚುವರಿಯನ್ನು ಸಂಜೆಗೆ ಉಳಿಸಲು ಇದು ಬೇಕೆನ್ನುವವರೂ ಇದ್ದಾರೆ. ಪಾವಗಡದಲ್ಲಿ ಸಂಜೆ ಮಲಗಿದ ಎಕರೆಯ ಬಾಕಿ ಇಲ್ಲಿಯ ಕಾಡಿನ ಮೇಲೆ ಬಂದು ನಿಂತಿದೆ. ಇತ್ಯರ್ಥವಾಗದ ಇಂಥ ವಿಷಯಕ್ಕೆ ಗೋಡೆಗಂಟಿದ ಫಲಕ ಬೇಡ. ತಾರೀಖು ಹಾಕಿದ, ಸರಿಸಿ ತೆಗೆಯಬಹುದಾದ ಹಾಳೆ ಸಾಕು.

ಆರನೇ ದಿನ: ತುಮರಿ

2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವ ಕೆಲಸ ತಪ್ಪಿದೆ. ಹಿನ್ನೀರಿನ ಆಚೆಗೆ ಉಳಿದ ಈ ಸೀಮೆ ಅಲ್ಲಿಯವರೆಗೆ ಆರು ದಶಕ ನಡುಗಡ್ಡೆಯಂತೆ ಬದುಕಿತು. ಸೇತುವೆಯ ಕೆಳಗೆ ಕೆಂಪು ಮಣ್ಣಿನ ದಡ, ಅಲ್ಲಲ್ಲಿ ನಿಂತೇ ಸತ್ತ ಮರಗಳ ಕರಿ ಬೊಡ್ಡೆ.

ಈ ಕಡೆಯ ಕೆಲಸಕ್ಕೆ ಮುಖ್ಯ ಸಲಕರಣೆ ನಕ್ಷೆ. ಅಣೆಕಟ್ಟಿಗೆ ಮೊದಲಿನ, ಮೈಲಿಗೆ ಒಂದಿಂಚಿನ ಸರ್ವೆ ಹಾಳೆಗಳಲ್ಲಿ, 48ಜೆ ಮತ್ತು 48ಕೆ ಸರಣಿಯಲ್ಲಿ, ಮುಳುಗಿದ ಊರುಗಳೆಲ್ಲ ಇವೆ. ಅದನ್ನು ಎರಡು ಪಟ್ಟು ದೊಡ್ಡದು ಮಾಡಿ ಎರಡು ಪ್ರತಿ ಒಯ್ಯಲಾಗಿತ್ತು, ಒಂದು ಕಾಗದದ್ದು, ಒಂದು ಬಟ್ಟೆಯದ್ದು. ಕಾರಿನಿಂದ ಜಗಲಿಗೆ ಹೋಗುವಷ್ಟರಲ್ಲಿ ಬಿದ್ದ ಮಳೆಗೆ ಕಾಗದದ್ದು ಮುದ್ದೆಯಾಯಿತು, ಬಟ್ಟೆಯದ್ದು ಹಿಂಡಿ ಹರಡಿದರೂ ಓದುವ ಹಾಗಿತ್ತು. “ಬನ್ನಿ, ಮೊದಲು ಆಸರಿಗೆ ಏನಾದ್ರೂ ಆಗ್ಲಿ” ಎಂದು ಮನೆಯವರು ಪುನರ್ಪುಳಿ ಪಾನಕ ತಂದಿಟ್ಟರು. ಜಗಲಿಯ ಅಜ್ಜ ಕನ್ನಡಕ ಏರಿಸಿ ಹಾಳೆಯ ಮೇಲೆ ಬೆರಳಿಟ್ಟರು. ‘ಮುಳುಗಿದಾಗ ಏನನ್ನಿಸಿತು’ ಎಂದು ಕೇಳಿದರೆ ಎಲ್ಲರೂ ಹೇಳುವುದು ಒಂದೇ ಎರಡು ವಾಕ್ಯ. ‘ಇಲ್ಲಿಂದ ಶಾಲೆಗೆ ಯಾವ ದಾರಿ’ ಎಂದು ಕೇಳಬೇಕು. ಅಜ್ಜನ ಬೆರಳು ಗದ್ದೆಯ ಅಂಚು ಹಿಡಿದು ಹೊರಟಿತು, ಸಂಕದ ಹತ್ತಿರ ನಿಂತಿತು, ಯಾರ ತೋಟ, ಎಲ್ಲಿ ಜಿಗಣೆ ಹೆಚ್ಚು, ಯಾವ ಬಾವಿ ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ ಎಂದು ಹೇಳುತ್ತ ಅರ್ಧ ಗಂಟೆ ನಡೆಯಿತು. ಮೇಲಿನಿಂದ ಬೆರಳನ್ನಷ್ಟೇ ಹಿಡಿದ ವಿಡಿಯೊ, ಜೊತೆಗೆ ಧ್ವನಿ: ಮುಖ ಬೇಡದವರಿಗೂ ಇದು ಒಪ್ಪಿಗೆಯಾಗುತ್ತದೆ. ಧ್ವನಿಗೆ 48 ಕಿಲೋಹರ್ಟ್ಸ್, 24 ಬಿಟ್, ವೇವ್ ಕಡತ. ಹೆಂಚಿನ ಮೇಲಿನ ಮಳೆಸದ್ದು ಮಾತನ್ನು ನುಂಗದಂತೆ ಮೈಕನ್ನು ಅಂಗಿಯ ಗುಂಡಿಗೇ ಸಿಗಿಸಬೇಕು. ಮಾತು ಮುಗಿದ ಮೇಲೆ ಬರಿಯ ಮಳೆಯನ್ನು ಒಂದು ನಿಮಿಷ ಬೇರೆಯಾಗಿ ಹಿಡಿದಿಟ್ಟರೆ ಸಂಕಲನದಲ್ಲಿ ತೇಪೆ ಗೊತ್ತಾಗುವುದಿಲ್ಲ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ಪ್ರದರ್ಶನಕ್ಕೆ, ದಾಖಲೆಗೆ, ಅಂತರ್ಜಾಲಕ್ಕೆ ಎಂದು ಮೂರು ಬೇರೆ ಬೇರೆ ಗುರುತು ಇರಲಿ. ಮೂರನೆಯದಕ್ಕೆ ಬೇಡ ಅನ್ನುವವರು ಬಹಳ.

ಮಳೆ ಬಿಟ್ಟ ಮೇಲೆ ದಡಕ್ಕೆ ಇಳಿದಾಗ ಮೊಣಕಾಲೆತ್ತರದ ಕಲ್ಲಿನ ತುಳಸಿಕಟ್ಟೆಯೊಂದು ಕೆಸರಿನಲ್ಲಿ ಓರೆಯಾಗಿ ನಿಂತಿತ್ತು. ಪ್ರದರ್ಶನಕ್ಕೆ ಎತ್ತಿ ತರುವ ಆಸೆ ಯಾರಿಗಾದರೂ ಬರುತ್ತದೆ, ತರಬಾರದು. ಆ ಮನೆಯವರು ನೀರು ಇಳಿದ ವರ್ಷ ಬಂದು ಅದಕ್ಕೆ ಹೂವಿಟ್ಟು ಹೋಗುತ್ತಾರೆ ಎಂದು ದನ ಮೇಯಿಸುತ್ತಿದ್ದವರು ಹೇಳಿದರು. ಮೋಡದ ಬೆಳಕಿನಲ್ಲಿ ಸುತ್ತಲೂ ಮೂರು ಎತ್ತರದಿಂದ, ಒಂದರ ಮೇಲೊಂದು ಮುಕ್ಕಾಲು ಪಾಲು ಕೂಡುವಂತೆ ಚಿತ್ರ ತೆಗೆದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟುಕೊಂಡರೆ ಮೂರು ಆಯಾಮದ ಪ್ರತಿ ಮಾಡಲು ಅದು ಸಾಕು.

ಸಂಜೆ ಸಾಗರದ ಮೇಷ್ಟರೊಬ್ಬರು ಫಲಕಗಳ ಕರಡು ತಿದ್ದಿಕೊಟ್ಟರು. ಇಂಗ್ಲಿಷ್ ನಕ್ಷೆಯಿಂದ ಎತ್ತಿಕೊಂಡ ಊರಿನ ಹೆಸರುಗಳಲ್ಲಿ ಎಂಟಕ್ಕೆ ದೀರ್ಘ, ಒತ್ತು ತಪ್ಪಿತ್ತು. ಉಳಿದದ್ದು ಅಚ್ಚಿನ ಮಾತು: ಒಂದು ಫಲಕಕ್ಕೆ 80 ಪದ ಮೀರಬಾರದು. ಸಾಲುಗಳ ಅಂತರ ಅಕ್ಷರದ ಒಂದೂವರೆ ಪಟ್ಟಾದರೂ ಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಫಲಕದ ನಡುಭಾಗ ನೆಲದಿಂದ 145 ಸೆಂಟಿಮೀಟರ್ ಎತ್ತರದಲ್ಲಿ, ಮಾದರಿಯ ಮೇಜು 75ರಲ್ಲಿ, ಮೂಲ ನಕ್ಷೆ ಸಿಕ್ಕಿದರೆ ಅದರ ಮೇಲಿನ ಬೆಳಕು 50 ಲಕ್ಸ್ ಒಳಗೆ. ಪ್ರದರ್ಶನ ಮೊದಲು ತೆರೆಯಬೇಕಾದ್ದು ಬೆಂಗಳೂರಿನಲ್ಲೋ ಸಾಗರದಲ್ಲೋ ಎಂಬ ಚರ್ಚೆ ಊಟದವರೆಗೂ ನಡೆಯಿತು. ಮೇಷ್ಟರದ್ದು ಸಾಗರ. ತಪ್ಪಿದ್ದರೆ ಇಲ್ಲಿಯವರು ಮೊದಲ ದಿನವೇ ಹಿಡಿಯುತ್ತಾರೆ, ಅಚ್ಚು ಮಾಡಿದ್ದನ್ನು ಬದಲಿಸಲು ಬೆಂಗಳೂರಿಗೆ ಹೋಗುವ ಮುಂಚೆ ಸಮಯ ಸಿಗುತ್ತದೆ ಅಂದರು. ಹಾಗೇ ಆಗಲಿದೆ.